ಪುರುಸೊತ್ತಿನ ಕೈ

ಕೈ ಬದಲಾಯಿಸಬೇಕಂತೆ ಎಂದು ತಮ್ಮನಿಗೆ ಹೇಳಿದ್ದೇ ತಪ್ಪಾಯಿತು. ಹಳೇ ಚಿತ್ರವೊಂದಕ್ಕೆ ವಾರ್ನಿಶ್ ಹಚ್ಚಿ ಬರುತ್ತೇನೆ ಅಂತ ಏನೋ ಒಂದು ಸುಳ್ಳು ಹೇಳಿ ಹೊರಟುಬಿಟ್ಟಿದ್ದರೆ ಮುಗಿದಿತ್ತು. ಆದರೆ ಫೋನು ಬಂದಾಗ ತಮ್ಮ ಎದುರಿಗೇ ಕೂತು ಕಾಫಿ ಆರಿಸಿಕೊಳ್ಳುತ್ತಿದ್ದ. ಆ ಕಡೆಯ ಹೆಂಗಸಿನದು ಆಸ್ಪತ್ರೆಯ ವಾರ್ಡುಗಳಲ್ಲಿ ಕೂಗಿ ರೂಢಿಯಾದ ಗಂಟಲು. ಏನೂ ಕೇಳಿಸಲಿಲ್ಲ ಎಂದು ನಟಿಸುವುದಕ್ಕೂ ಜಾಗವಿರಲಿಲ್ಲ. ಅಣ್ಣ ಹೂಂ, ಆಯ್ತಮ್ಮ, ಬರ್ತೀನಿ ಎಂದು ಫೋನು ಕೆಳಗಿಟ್ಟ.

“ಯಾರಣ್ಣಾ?”

“ಆ ಸರ್ಜನ್ ಇದ್ರಲ್ಲ, ಅವರ ಮಗಳು. ಅಪ್ಪನ ಚಿತ್ರದಲ್ಲಿ ಕೈ ಸರಿಯಿಲ್ವಂತೆ. ಬದಲಾಯಿಸಬೇಕಂತೆ.”

ತಮ್ಮ ಲೋಟ ಕೆಳಗಿಟ್ಟ. “ಯಾವ ಕೈ? ನಂದಾ?”

ಅವನು ಅಂದ ರೀತಿಗೆ ಅಡುಗೆಮನೆಯಿಂದ ಅಣ್ಣನ ಹೆಂಡತಿ ನಕ್ಕಳು. “ಇನ್ಯಾರದು ಮೈದುನರೇ, ಊರಲ್ಲಿರೋ ದೊಡ್ಡ ಮನುಷ್ಯರದ್ದೆಲ್ಲಾ ನಿಮ್ಮ ಕೈಯೇ ಅಲ್ವಾ,” ಎಂದಳು. ತಮ್ಮನೂ ನಕ್ಕ. ಆದರೆ ಕಾಫಿಯನ್ನು ಪೂರ್ತಿ ಕುಡಿಯಲಿಲ್ಲ. ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತು, ಅಲ್ಲಿ ನೋಡುವಂಥದ್ದು ಏನೂ ಇಲ್ಲದಿದ್ದರೂ ಬಹಳ ಹೊತ್ತು ನೋಡಿದ. ಅಣ್ಣನಾದವನಿಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನು ಅವನಿಗೆ ಚೆನ್ನಾಗಿ ಗೊತ್ತಿತ್ತು, ಎಡ ಹೆಗಲು ಕೂದಲೆಳೆಯಷ್ಟು ತಗ್ಗು, ಅದರ ಮೇಲೆ ಯಾವ ಕೋಟು ಹೇಗೆ ಬೀಳುತ್ತದೆ ಎಂಬುದನ್ನು ಕಣ್ಣು ಮುಚ್ಚಿ ಬರೆಯಬಲ್ಲ.

ಅಣ್ಣನ ಕಸುಬೇ ಅದು. ಕಾಲೇಜು, ಕೋರ್ಟು, ಬ್ಯಾಂಕು, ಆಸ್ಪತ್ರೆಗಳವರು ತಮ್ಮಲ್ಲಿ ಯಾರಾದರೂ ನಿವೃತ್ತರಾಗುವ ಹೊತ್ತಿಗೆ ಇಂಥವರದೊಂದು ಭಾವಚಿತ್ರ ಬೇಕು, ಗೋಡೆಗೆ ಹಾಕಬೇಕು ಎಂದು ಹೇಳಿಕಳಿಸುತ್ತಿದ್ದರು. ದೊಡ್ಡ ಮನುಷ್ಯರಿಗೆ ಕೂರುವುದಕ್ಕೆ ಪುರುಸೊತ್ತೆಲ್ಲಿ? ಒಂದೆರಡು ಸಲ ಬಂದರೆ ಹೆಚ್ಚು, ಅದೂ ಒಂದು ಕಾಲು ಹೊಸ್ತಿಲ ಆಚೆಗೇ. ಅಷ್ಟರಲ್ಲಿ ಮುಖವೊಂದನ್ನು ಹಿಡಿದುಕೊಳ್ಳಬೇಕು. ಕುತ್ತಿಗೆಯಿಂದ ಕೆಳಗೆ ತಮ್ಮ. ಕೋಟನ್ನೋ ಗೌನನ್ನೋ ಅವರು ಕಳಿಸಿಕೊಡುತ್ತಿದ್ದರು, ತಮ್ಮ ಅದನ್ನು ತೊಟ್ಟುಕೊಂಡು ಕೈಯಿರುವ ಹಳೇ ಕುರ್ಚಿಯಲ್ಲಿ ಕೂತುಬಿಟ್ಟರೆ ಮಧ್ಯಾಹ್ನದ ಊಟಕ್ಕೆ ಕರೆಯುವವರೆಗೆ ಅಲ್ಲಾಡುತ್ತಿರಲಿಲ್ಲ. ಮರದ ಬೊಂಬೆಗೆ ಬಟ್ಟೆ ತೊಡಿಸಿಯೂ ಬರೆಯಬಹುದಿತ್ತು, ಎಷ್ಟೋ ಜನ ಹಾಗೇ ಮಾಡುತ್ತಾರೆ. ಆದರೆ ಬೊಂಬೆ ಉಸಿರಾಡುವುದಿಲ್ಲ, ಉಸಿರಾಡದ ಮೈ ಮೇಲೆ ಬಟ್ಟೆ ಹೆಣಕ್ಕೆ ಹೊದಿಸಿದ ಹಾಗೇ ಕಾಣುತ್ತದೆ. ಕೂರುವ ಮೊದಲು ತಮ್ಮ ಪ್ರತಿ ಸಲವೂ, ಈ ಮನುಷ್ಯ ಗಟ್ಟಿನಾ ಸಡಿಲನಾ ಎಂದು ಕೇಳುತ್ತಿದ್ದ. ಗಟ್ಟಿ ಎಂದರೆ ಬೆರಳುಗಳು ಕುರ್ಚಿಯ ಕೈಯನ್ನು ಹಿಡಿದುಕೊಳ್ಳುತ್ತಿದ್ದವು, ಸಡಿಲ ಎಂದರೆ ತೊಡೆಯ ಮೇಲೆ ಒಂದರ ಪಕ್ಕ ಒಂದು ಮಲಗುತ್ತಿದ್ದವು. ಚಿತ್ರದ ಮೂಲೆಯಲ್ಲಿ ಸಹಿ ಮಾತ್ರ ಅಣ್ಣನದು.

ಮೊದಮೊದಲು ಇದೊಂದು ತಮಾಷೆಯಾಗಿತ್ತು. ಮದುವೆಯಾಗದ, ಯಾವ ಕೆಲಸದಲ್ಲೂ ವರ್ಷ ಪೂರ್ತಿ ನಿಲ್ಲದ ತಮ್ಮ ರಜೆಯ ದಿನಗಳಲ್ಲಿ ಊರು ಸುತ್ತಿ ತನ್ನನ್ನು ತಾನೇ ನೋಡಿ ಬರುತ್ತಿದ್ದ. ಕಾಲೇಜಿನ ಮೊಗಸಾಲೆ, ಕೋರ್ಟಿನ ಮೆಟ್ಟಿಲು, ಬ್ಯಾಂಕಿನ ಒಳಕೋಣೆ, ಎಲ್ಲಿಗೂ ಏನಾದರೊಂದು ನೆಪ ಹೇಳಿ ನುಗ್ಗುತ್ತಿದ್ದ. ಮನೆಗೆ ಬಂದು, “ಪ್ರಿನ್ಸಿಪಾಲ್ ಆಗಿ ಚೆನ್ನಾಗಿದೀನಿ ಅತ್ತಿಗೆ, ಜಡ್ಜ್ ಆಗಿ ಸ್ವಲ್ಪ ಧೂಳು ಹಿಡಿದಿದೀನಿ, ಒರೆಸೋರಿಲ್ಲ,” ಎಂದು ವರದಿ ಒಪ್ಪಿಸುತ್ತಿದ್ದ. ಆಮೇಲೆ ಒಂದೊಂದೇ ಹೋಗಲು ಶುರುವಾದವು. ಕೋರ್ಟಿನ ಹಳೇ ಕಟ್ಟಡ ಕೆಡವಿದರು. ಕಾಲೇಜಿನವರು ಪ್ರಿನ್ಸಿಪಾಲರನ್ನೆಲ್ಲ ನೆಲಮಾಳಿಗೆಗೆ ಇಳಿಸಿದರು, ಅಲ್ಲಿ ನೀರು ನುಗ್ಗಿ ಬಣ್ಣ ಹಪ್ಪಳದ ಹಾಗೆ ಎದ್ದುಬಿಟ್ಟಿತು. ಬ್ಯಾಂಕಿನವರು ಫೋಟೋ ದೊಡ್ಡದು ಮಾಡಿಸಿ ಹಾಕಿಕೊಂಡರು, ಅದರಲ್ಲಿ ಮ್ಯಾನೇಜರಿಗೆ ಮ್ಯಾನೇಜರದೇ ಕೈ. ಅನಾವರಣದ ದಿನ ಎಲ್ಲ ಭಾಷಣಕಾರರೂ ಒಂದೇ ಮಾತು ಹೇಳುತ್ತಿದ್ದರು, ಮನುಷ್ಯ ಹೋಗುತ್ತಾನೆ, ಚಿತ್ರ ಶಾಶ್ವತ ಎಂದು. ಬ್ಯಾಂಕಿನಿಂದ ಬಂದ ದಿನ ತಮ್ಮ ಚಪ್ಪಲಿ ಬಿಡುತ್ತಾ, “ಶಾಶ್ವತಕ್ಕೆ ಸುಣ್ಣ ಬಳೀತಿದಾರೆ ಅಣ್ಣಾ,” ಅಂದಿದ್ದ. ಇನ್ನು ಉಳಿದಿದ್ದದ್ದು ಡಾಕ್ಟರ ಚಿತ್ರವೊಂದೇ.

ಬಣ್ಣದ ಪೆಟ್ಟಿಗೆ ಹಿಡಿದು ಹೊರಡುವಾಗ ತಮ್ಮ ಬಾಗಿಲವರೆಗೆ ಬಂದ. ಏನಾದರೂ ಹೇಳುತ್ತಾನೆ ಎಂದು ಅಣ್ಣ ಮೆಟ್ಟಿಲ ಮೇಲೆ ಒಂದು ಗಳಿಗೆ ನಿಂತ. “ಛತ್ರಿ ಬೇಕಾ?” ಎಂದಷ್ಟೇ ಕೇಳಿದ ತಮ್ಮ. ಬಿಸಿಲು ಹೊಡೆಯುತ್ತಿತ್ತು. ಬೇಡ ಎಂದು ಅಣ್ಣ ಇಳಿದ ಮೇಲೆ, ಬೀದಿಯ ತಿರುವಿನಲ್ಲಿ, ತಮ್ಮ ಹಿಂದಿನಿಂದ ಓಡಿ ಬಂದು ಏದುಸಿರು ಬಿಡುತ್ತಾ ತಡೆದ. “ಅಣ್ಣಾ, ಪೂರ್ತಿ ಅಳಿಸಲೇಬೇಕಾ? ಸುಮ್ನೆ ಕೇಳ್ದೆ. ಅವರ ಮನೆ ಚಿತ್ರ, ಅವರಿಷ್ಟ. ಆದ್ರೂ, ಸ್ವಲ್ಪ ಆಚೆ ಈಚೆ ಮಾಡಿ ಹಾಗೇ ಇಟ್ಟುಕೊಳ್ಳೋಕೆ ಆಗತ್ತೇನೋ ನೋಡು.” ಮುಖ ತಿರುಗಿಸಿಕೊಂಡೇ ಹೇಳಿದ. ಜೀವಮಾನದಲ್ಲಿ ಅವನು ತನ್ನನ್ನು ಏನಾದರೂ ಕೇಳಿದ್ದುಂಟೇ ಎಂದು ಅಣ್ಣ ಬಸ್ಸಿನಲ್ಲಿ ಕೂತ ಮೇಲೂ ನೆನಪು ಮಾಡಿಕೊಂಡ. ಒಂದೂ ಸಿಗಲಿಲ್ಲ.

ಸಿಕ್ಕಿದ್ದು ಬೇರೆ. ಈ ಡಾಕ್ಟರ ಚಿತ್ರವನ್ನೇ ಆಸ್ಪತ್ರೆಯಲ್ಲಿ ಅನಾವರಣ ಮಾಡಿದ ದಿನ. ತಮ್ಮ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ, ತಾನೂ ಬರುತ್ತೇನೆ ಎಂದು ಅವನೇ ಹೊರಟಿದ್ದ, ಬೇಡ ಅನ್ನುವುದು ಹೇಗೆ? ಪರದೆ ಸರಿದು ಎಲ್ಲರೂ ಚಪ್ಪಾಳೆ ತಟ್ಟುವಾಗ ಆಸ್ಪತ್ರೆಯ ಮುಖ್ಯಸ್ಥರು ಅಣ್ಣನ ಕೈ ಕುಲುಕಿ, ಪಕ್ಕದಲ್ಲಿದ್ದವನನ್ನು ನೋಡಿ, “ಇವರು?” ಎಂದು ಕೇಳಿದರು. ನನ್ನ ತಮ್ಮ ಎನ್ನಬಹುದಿತ್ತು, ಎಷ್ಟು ಹೊತ್ತಿನ ಮಾತದು. ಆದರೆ ತಮ್ಮ ಅಂದರೆ ಏನು ಮಾಡುತ್ತಾರೆ ಎಂದು ಕೇಳುತ್ತಾರೆ, ಏನೂ ಮಾಡುವುದಿಲ್ಲ ಅನ್ನಬೇಕು, ಇಲ್ಲ ನಿಜ ಹೇಳಬೇಕು, ಅಷ್ಟು ಜನರ ನಡುವೆ, ಅಗೋ ಆ ಕೈ ಇವನದು ಎಂದು. ಇದೆಲ್ಲ ಕಣ್ಣು ಮಿಟುಕಿಸುವುದರೊಳಗೆ ತಲೆಯಲ್ಲಿ ಓಡಿ, “ನಮ್ಮಲ್ಲಿ ಸಹಾಯಕ್ಕಿದಾನೆ,” ಎಂದು ಬಾಯಿ ಹೇಳಿಬಿಟ್ಟಿತು. ಮುಖ್ಯಸ್ಥರು ಸಂತೋಷ ಎಂದು ಮುಂದೆ ಹೋದರು. ಮನೆಯವರೆಗೆ ತಮ್ಮ ಅದನ್ನೇ ಹಿಡಿದು ಆಡಿಕೊಂಡ. ಬಸ್ಸಿನಲ್ಲಿ ಜಾಗ ಬಿಟ್ಟುಕೊಟ್ಟು, ಕೂತ್ಕೊಳಿ ಯಜಮಾನ್ರೇ ಎಂದ, ಬಾಗಿಲು ತೆಗೆದು ಪಕ್ಕಕ್ಕೆ ಸರಿದು ನಿಂತ. ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಡಿಕೊಳ್ಳದೆ ಮುಖ ಊದಿಸಿಕೊಂಡು ಕೂತಿದ್ದರೆ ಚೆನ್ನಾಗಿತ್ತು, ಒಂದು ಕ್ಷಮೆ ಕೇಳಿ ಮುಗಿಸಬಹುದಿತ್ತು. ನಕ್ಕುಬಿಟ್ಟವನ ಹತ್ತಿರ ಕ್ಷಮೆ ಕೇಳುವುದು ಹೇಗೆ? ಇದನ್ನೆಲ್ಲ ನೆನೆಯುತ್ತಾ, ಈಗ ಬಸ್ಸು ಯಾವ ನಿಲ್ದಾಣದಲ್ಲಿದೆಯೆಂದು ನೋಡುವುದನ್ನೇ ಮರೆತು ಅವನು ಇಳಿಯಬೇಕಾದ ಕಡೆ ಇಳಿಯದೆ ಮುಂದೆ ಹೋಗಿ ಅಷ್ಟು ದೂರ ವಾಪಸ್ಸು ನಡೆದ.

ಡಾಕ್ಟರ ಮನೆಯ ಬಾಗಿಲು ತೆಗೆದದ್ದು ಮಗಳು. ಅವಳೂ ಡಾಕ್ಟರೇ, ಡ್ಯೂಟಿಗೆ ಹೊರಡುವ ಅವಸರದಲ್ಲಿದ್ದಳು. ಊಟದ ಮೇಜಿನ ಎದುರಿನ ಗೋಡೆಯ ಮೇಲೆ ಚಿತ್ರವಿತ್ತು. ಅದರ ಕೆಳಗೆ ಒಂದು ಕುರ್ಚಿಯಲ್ಲಿ ಡಾಕ್ಟರ ಹೆಂಡತಿ, ವಯಸ್ಸಾದ ಹೆಂಗಸು, ಹಣ್ಣು ಹೆಚ್ಚುತ್ತಾ ಕೂತಿದ್ದರು. ಡಾಕ್ಟರು ತೀರಿಕೊಂಡ ಮೇಲೆ ಆಸ್ಪತ್ರೆಯ ಗೋಡೆಗಳಿಗೆ ಟೈಲ್ಸ್ ಹಾಕುವಾಗ ಚಿತ್ರವನ್ನು ಮನೆಗೆ ಕಳಿಸಿದ್ದರಂತೆ. ಈಗ ಅಲ್ಲಿ ಹೊಸ ಡಾಕ್ಟರುಗಳಿಗೆ ಪಾಠ ಹೇಳುವ ಹಾಲ್ ಕಟ್ಟಿದ್ದಾರೆ, ಅದಕ್ಕೆ ಅವರದೇ ಹೆಸರು, ಚಿತ್ರ ವಾಪಸ್ಸು ಬೇಕಂತೆ. ಅವನು ತಲೆಯೆತ್ತಿ ನೋಡಿದ. ಮುಖವನ್ನು ನೋಡಿ, ಇದೇನು ಮಹಾ ಎನ್ನಿಸಿತು. ಹೋಲುತ್ತಿತ್ತು, ಅಷ್ಟೇ. ಕಣ್ಣು ಕೆಳಗಿಳಿಯಿತು. ಬಿಳಿ ಕೋಟಿನ ತೋಳಿನ ತುದಿಯಲ್ಲಿ, ಮಡಿಲಲ್ಲಿ, ಎರಡು ಕೈ. ಬಲಗೈಯಲ್ಲಿ ಒಂದು ಪೆನ್ನು, ಬರೆಯುವುದಕ್ಕಲ್ಲ, ಸುಮ್ಮನೆ ಬೆರಳ ಸಂದಿಯಲ್ಲಿ ಉಳಿದುಕೊಂಡದ್ದು. ಎಡಗೈ ಅಂಗಾತ ಬಿದ್ದಿತ್ತು. ತಾನು ಬರೆದದ್ದರಲ್ಲೆಲ್ಲ ಒಳ್ಳೆಯದು ಇದೊಂದೇ ಎಂದು ಅವನಿಗೆ ಆ ಕ್ಷಣ ಯಾವ ಅನುಮಾನವೂ ಇಲ್ಲದೆ ಗೊತ್ತಾಯಿತು.

“ನೋಡಿ,” ಎಂದಳು ಮಗಳು, “ನಮ್ಮಪ್ಪ ಎಡಚರು.”

ಅವನು ನಾಲಿಗೆ ಕಚ್ಚಿಕೊಂಡ. ಆ ಮನುಷ್ಯ ಎರಡು ಸಲ ಬಂದು ಎದುರಿಗೆ ಕೂತಿದ್ದ. ಎರಡು ಸಲವೂ ಅವನು ಮುಖ ಬಿಟ್ಟು ಕೆಳಗೆ ನೋಡಿರಲಿಲ್ಲ.

“ಆಸ್ಪತ್ರೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಒಬ್ಬರೂ ಬಾಯಿ ಬಿಡಲಿಲ್ಲ, ಕಲಾವಿದರು ಬರೆದಿದ್ದು ಅಂತ. ನಾನೂ ಸುಮ್ನಿದ್ದೆ, ಮನೇಲಿ ತಾನೇ ಇರೋದು ಅಂತ. ಈಗ ಆ ಹಾಲ್‌ನಲ್ಲಿ ಹಾಕ್ತಾರೆ. ಕತ್ತರಿ ಹಿಡಿಯೋದು ಕಲಿಯೋ ಹುಡುಗರು ದಿನಾ ನೋಡ್ತಾರೆ.” ಅವಳು ಒಂದು ಫೋಟೋ ಮೇಜಿನ ಮೇಲಿಟ್ಟಳು. ಡಾಕ್ಟರು ಯಾರಿಗೋ ಹೊಲಿಗೆ ಹಾಕುವುದನ್ನು ತೋರಿಸುತ್ತಿದ್ದ ಫೋಟೋ. ಗಿಡ್ಡ ದಪ್ಪ ಬೆರಳಿನ, ಮಣಿಕಟ್ಟಿನವರೆಗೂ ಕೂದಲಿದ್ದ ಎಡಗೈ ದಾರವನ್ನು ಎಳೆದು ಹಿಡಿದಿತ್ತು. “ಚಿಕ್ಕವರಿದ್ದಾಗ ಎಡಗೈಯಲ್ಲಿ ಬರೀತಾರೆ ಅಂತ ಮೇಷ್ಟ್ರು ಗೆಣ್ಣಿನ ಮೇಲೆ ಹೊಡೀತಿದ್ರಂತೆ. ಅವರಮ್ಮ ಕೈಯನ್ನ ಬೆನ್ನಿಗೆ ಕಟ್ಟಿ ಕೂರಿಸ್ತಿದ್ರಂತೆ. ಬಿಡಲಿಲ್ಲ ಅಪ್ಪ. ಕಲಿಯೋಕೆ ಬಂದ ಪ್ರತಿಯೊಬ್ಬರಿಗೂ ಈ ಕೈ ತೋರಿಸಿ ಇದನ್ನ ಹೇಳೋರು. ಅಷ್ಟು ಜನ ಹೊಡೆದು ಬಡಿದು ಮಾಡಿದ್ರೂ ಬಲಗೈಯವರಾಗಲಿಲ್ಲ. ನೀವು ಒಂದು ಬ್ರಷ್ಷಲ್ಲಿ ಮಾಡಿಬಿಟ್ರಲ್ಲ ಸಾರ್.”

ಅವಳ ದನಿಯಲ್ಲಿ ಜಗಳವಿರಲಿಲ್ಲ, ಅದೇ ಕಷ್ಟವಾಯಿತು. ಅವನು ಬೀದಿಯ ತಿರುವಿನಲ್ಲಿ ತಮ್ಮ ಹೇಳಿದ್ದನ್ನೇ ತನ್ನ ಉಪಾಯವೆಂಬಂತೆ ಮುಂದಿಟ್ಟ. ಪೆನ್ನು ಒಂದನ್ನು ತೆಗೆದುಬಿಟ್ಟರೆ ಆಯಿತಲ್ಲವೇ, ಆಗ ಎಡಚರೋ ಬಲಗೈಯವರೋ ಯಾರಿಗೂ ತಿಳಿಯುವುದಿಲ್ಲ, ಹಳೇ ಬಣ್ಣವನ್ನು ಹೆಚ್ಚು ಕೆದಕುವುದು ಕ್ಯಾನ್ವಾಸಿಗೂ ಒಳ್ಳೆಯದಲ್ಲ ಎಂದೆಲ್ಲ ಹೇಳಿದ. ಕ್ಯಾನ್ವಾಸಿಗೆ ಏನೂ ಆಗುವುದಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

“ತಿಳೀಬಾರದು ಅನ್ನೋಕೆ ಅದೇನು ಕಳ್ಳತನಾನಾ?” ಎಂದಳು ಮಗಳು. “ತಿಳೀಬೇಕು ಅಂತಲೇ ಅಪ್ಪ ಇದ್ದಿದ್ದು. ಎಡಗೈಯಲ್ಲೇ ಪೆನ್ನಿರಲಿ. ಕೈಯೂ ಅವರದೇ ಇರಲಿ. ಅಮ್ಮಾ, ನಾನು ಹೊರಟೆ, ಇವರಿಗೆ ಕಾಫಿ ಕೊಡು.” ಹೊಸ್ತಿಲಲ್ಲಿ ನಿಂತು, ಸ್ವಲ್ಪ ಮೆತ್ತಗಾಗಿ, “ಮುಖ ತುಂಬಾ ಚೆನ್ನಾಗಿ ಬರೆದಿದೀರಿ ಸಾರ್,” ಎಂದು ಸೇರಿಸಿ ಹೋದಳು. ಆ ಹೊಗಳಿಕೆಗೆ ಅವನು ತಲೆಯಾಡಿಸುತ್ತಾ ಬಾಗಿಲು ಮುಚ್ಚಿದ ಮೇಲೂ ಸ್ವಲ್ಪ ಹೊತ್ತು ಆಡಿಸಿದ.

ಚಿತ್ರವನ್ನು ಇಳಿಸಲು ಮುದುಕಿಯೇ ಕೈಜೋಡಿಸಿದರು. ಕಿಟಕಿಯ ಹತ್ತಿರ ಬೆಳಕಿಗೆ ಒಂದು ಬೆಂಚಿನ ಮೇಲೆ ಒರಗಿಸಿಟ್ಟು ಅವನು ಪೆಟ್ಟಿಗೆ ಬಿಚ್ಚಿದ. ಹತ್ತಿ, ಸ್ಪಿರಿಟ್ಟು, ಚಪ್ಪಟೆ ಚಾಕು. ಮೊದಲು ಮೇಲಿನ ವಾರ್ನಿಶ್ ಕರಗಿಸಿ ತೆಗೆಯಬೇಕು, ಆಮೇಲೆ ಉಬ್ಬಿದ ಬಣ್ಣವನ್ನು ಹೆರೆದು ಮಟ್ಟ ಮಾಡಬೇಕು, ಆಮೇಲೆ ಹೊಸ ಕೈ. ಎಷ್ಟೋ ಸಲ ಮಾಡಿದ ಕೆಲಸ. ಪದಕ ಒಂದು ಜಾಸ್ತಿಯಾಯಿತೆಂದು, ಹೊಟ್ಟೆ ಸ್ವಲ್ಪ ಒಳಗೆ ಹೋಗಲೆಂದು ಎಷ್ಟು ಜನರಿಗೆ ಮಾಡಿಕೊಟ್ಟಿಲ್ಲ. ಹತ್ತಿಯನ್ನು ಅದ್ದಿಕೊಂಡ. ಅದ್ದಿಕೊಂಡು, ಅದು ಆರಿಹೋಗುವವರೆಗೆ ಹಿಡಿದುಕೊಂಡೇ ಕೂತಿದ್ದ. ಮುದುಕಿ ಕಾಫಿ ತಂದಿಟ್ಟು, ಹೋಗದೆ ಅಲ್ಲೇ ಕುರ್ಚಿ ಎಳೆದುಕೊಂಡರು.

“ಎಡಚರು ಅಂತ ಅವರೂ ಹೇಳಲಿಲ್ಲ ನನಗೆ,” ಎಂದ ಅವನು. ಮುದುಕಿಯ ಮುಂದೆ ತಪ್ಪನ್ನು ಸತ್ತವರ ಮೇಲೆ ಹೊರಿಸಿದ ಹಾಗಾಯಿತೆಂದು ಕೂಡಲೇ ನಾಚಿಕೆಯಾಯಿತು.

“ಎಲ್ಲಿ ಹೇಳ್ತಾರೆ,” ಎಂದು ಅವರು ನಕ್ಕರು. “ಮನೆಗೆ ಬಂದು ನಕ್ಕಿದ್ದೇ ನಕ್ಕಿದ್ದು. ಪಾಪ, ಕಷ್ಟಪಟ್ಟು ಬರೆದಿದಾರೆ ಕಣೇ, ಕೈ ನನ್ನದಕ್ಕಿಂತ ಚೆನ್ನಾಗಿದೆ, ಇರಲಿ ಬಿಡು ಅಂದ್ರು.” ಬಾಗಿಲ ಕಡೆ ಒಮ್ಮೆ ನೋಡಿ ಹೇಳಿದರು, “ನಿಮಗೆ ಒಂದು ಮಾತು ಹೇಳಲಾ? ಮಗಳ ಮುಂದೆ ಹೇಳಿದ್ರೆ ಬೇಜಾರು ಮಾಡ್ಕೋತಾಳೆ. ನನಗೆ ಈ ಕೈ ಇರೋದೇ ಇಷ್ಟ. ಅವರ ಕೈಗೆ ಪುರುಸೊತ್ತೇ ಇರಲಿಲ್ಲ ನೋಡಿ. ಊಟಕ್ಕೆ ಕೂತ್ರೂ ಮೇಜಿನ ಮೇಲೆ ತಾಳ ಹಾಕ್ತಿತ್ತು. ದಾರ ಸಿಕ್ಕಿದ್ರೆ ಗಂಟು ಹಾಕ್ತಿತ್ತು, ನನ್ನ ಸೆರಗಿನ ಅಂಚಿಗೆಲ್ಲ ಗಂಟು. ನಿದ್ದೇಲೂ ಬೆರಳು ಆಡೋದು. ನನಗೆ ಜ್ವರ ಬಂದ್ರೆ ನಾಡಿ ನೋಡೋರು, ಹಿಡಿದ ಹಾಗೇ ಬಿಟ್ಟುಬಿಡೋರು. ಕೆಟ್ಟವರಲ್ಲ, ಸಾವಿರಾರು ಜನರನ್ನ ಬದುಕಿಸಿದ ಕೈ, ನನಗೇ ಬೇಕು ಅನ್ನೋಕಾಗತ್ತಾ? ಅವರು ಹೋದ ಮೇಲೆ ಇದು ಮನೆಗೆ ಬಂತು. ಊಟಕ್ಕೆ ಕೂತಾಗ ಎದುರಿಗೆ ಈ ಕೈ. ಇದಕ್ಕೆ ಎಲ್ಲಿಗೂ ಹೋಗೋ ಅವಸರವಿಲ್ಲ. ಯಾರನ್ನೋ ಬಹಳ ಹೊತ್ತು ನೋಡಿಕೊಂಡು ಬಂದು, ಈಗ ಸ್ವಲ್ಪ ಕೂತ್ಕೊಂಡಿದೆ ಅನ್ನೋ ಹಾಗಿದೆ. ನಾನೂ ಇದರ ಜೊತೆ ಕೂತ್ಕೊಂಡು ಊಟ ಮಾಡ್ತೀನಿ.”

ಅವನಿಗೆ ಈ ಚಿತ್ರ ಬರೆದ ದಿನಗಳು ನೆನಪಾದವು. ಆ ದಿನಗಳಲ್ಲಿ ಅಮ್ಮ ಒಳಕೋಣೆಯಲ್ಲಿ ಮಲಗಿದ್ದಳು, ಏಳುವ ಹಾಗಿರಲಿಲ್ಲ. ಬಿಳಿ ಕೋಟು ತೊಟ್ಟು ಕೂತಿದ್ದ ತಮ್ಮ ಅಮ್ಮ ನರಳಿದ ಕೂಡಲೇ ಕೋಟು ಬಿಚ್ಚಿಟ್ಟು ಒಳಗೆ ಹೋಗುತ್ತಿದ್ದ, ಮಗ್ಗುಲು ಹೊರಳಿಸಿ, ಒರೆಸಿ, ಬಟ್ಟೆ ಬದಲಾಯಿಸಿ, ಕೈ ತೊಳೆದುಕೊಂಡು ಬಂದು ಮತ್ತೆ ಕೋಟು ತೊಟ್ಟು ಮೊದಲಿದ್ದ ಕಡೆಯೇ ಕೈಯಿಟ್ಟು ಕೂರುತ್ತಿದ್ದ. ಬೆಳಕು ಹೋಗುತ್ತದೆಂದು ಅಣ್ಣನಿಗೆ ಸಿಟ್ಟು. ಬೇಗ ಬಾರೋ, ಎಷ್ಟು ಸಲ ಏಳೋದು ಎಂದು ರೇಗುತ್ತಿದ್ದ. ಈ ಡಾಕ್ಟ್ರು ಹೇಗೆ ಎಂದು ತಮ್ಮ ಕೇಳಿದ್ದಕ್ಕೂ, ಹೇಗಾದ್ರೂ ಇರಲಿ, ಸುಮ್ನೆ ಕೂತ್ಕೋ ಎಂದಿದ್ದ. ತಮ್ಮ ಸುಮ್ಮನೆ ಕೂತಿದ್ದ, ಆ ಒಂದು ಸಲ ಯಾರ ಹಾಗೂ ಕೂರದೆ ತನ್ನ ಹಾಗೇ ಕೂತಿದ್ದ. ಕಣ್ಣೆದುರಿಗಿದ್ದ ಆಯಾಸವನ್ನು ತನ್ನ ಕುಂಚ ನೋಡಿತ್ತು, ತಾನು ನೋಡಿರಲಿಲ್ಲ. ಅಮ್ಮನ ಕೋಣೆಯ ವಾಸನೆಗೆ ಮೂಗು ಮುಚ್ಚಿಕೊಂಡು ಕಿಟಕಿ ತೆರೆದಿಟ್ಟು ಬಣ್ಣ ಕಲಸಿದ್ದಷ್ಟೇ ತಾನು ಮಾಡಿದ್ದು ಎಂದುಕೊಂಡ.

“ಅವರ ಕೈ ಅಲ್ಲ ಅಂತ ಮೊದಲ ದಿನಾನೇ ಗೊತ್ತಿತ್ತು ನನಗೆ,” ಎಂದರು ಮುದುಕಿ. “ನೀವು ಮನಸ್ಸಿಂದ ಬರೆದಿದ್ದು ಅಂದ್ಕೊಂಡಿದ್ದೆ.”

“ಇಲ್ಲಮ್ಮ. ಮನಸ್ಸಿಂದ ಇಂಥಾದ್ದು ಬರೆಯೋಕೆ ನನಗೆ ಬರಲ್ಲ.” ಇಷ್ಟು ಹೇಳುವಷ್ಟರಲ್ಲಿ ದನಿ ಒಡೆಯಿತು. “ಇದು ನನ್ನ ತಮ್ಮನ ಕೈ. ಎಲ್ಲಾ ಚಿತ್ರಕ್ಕೂ ಅವನೇ ಕೂರ್ತಿದ್ದ. ಬೇರೆದೆಲ್ಲಾ ಹೋಯ್ತು, ಅವನು ಉಳಿದಿರೋದು ಇದೊಂದರಲ್ಲೇ. ಇವತ್ತು ಇದನ್ನೂ ನಾನೇ ಕೆರೆದು...” ಎಂದವನು ಮುಂದುವರಿಸಲಾರದೆ, ಮತ್ತೆ ಅದ್ದಿಕೊಂಡಿದ್ದ ಸ್ಪಿರಿಟ್ಟಿನ ಹತ್ತಿಯಲ್ಲೇ ಕಣ್ಣೊರೆಸಿಕೊಂಡು, ಉರಿ ತಡೆಯಲಾರದೆ ಎದ್ದು ನಿಂತುಬಿಟ್ಟ. ಮುದುಕಿ ಅವನನ್ನು ಮೋರಿಯ ಹತ್ತಿರ ಕರೆದುಕೊಂಡು ಹೋಗಿ ಕಣ್ಣಿಗೆ ನೀರು ಹುಯ್ದರು. ಈ ವಯಸ್ಸಿನಲ್ಲಿ ಯಾರದೋ ಮನೆಯಲ್ಲಿ ಮುಖ ತೊಳೆಸಿಕೊಳ್ಳುತ್ತಾ ಅವನು ಬಾಗಿ ನಿಂತಿದ್ದ.

“ಅಯ್ಯೋ ಪಾಪ,” ಎಂದರು, ಟವಲು ಕೊಡುತ್ತಾ. “ಯಾವಾಗ ಹೋದ್ರು ನಿಮ್ಮ ತಮ್ಮ?”

“ಎಲ್ಲಿಗೆ?”

“ತೀರ್ಕೊಂಡಿದ್ದು?”

“ಇದಾನಮ್ಮ. ಮನೇಲಿದಾನೆ. ಬರೋವಾಗ ಛತ್ರಿ ಬೇಕಾ ಅಂತ ಕೇಳ್ದ.”

ಮುದುಕಿ ಅವನನ್ನೇ ನೋಡಿದರು. ಆಮೇಲೆ ಅವರಿಗೆ ತಡೆಯಲಾರದಷ್ಟು ನಗು ಬಂತು, ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡರು. “ನನ್ನ ಕಥೆ ನೋಡಿ, ಇಷ್ಟು ವರ್ಷ ಬದುಕಿರೋ ಯಾರೋ ಗಂಡಸಿನ ಕೈ ನೋಡ್ಕೊಂಡು ಊಟ ಮಾಡ್ತಿದ್ನಾ! ಮಗಳಿಗೆ ಹೇಳಬೇಡಿ ಮಾರಾಯರೇ.” ನಗು ಇಳಿದ ಮೇಲೆ, “ಇದಾರಲ್ಲ, ಮತ್ತೆ ನೀವು ಯಾಕೆ ಅಳ್ತೀರಿ? ಇಲ್ಲದೇ ಇರೋರಿಗೆ ಚಿತ್ರ. ಇರೋರಿಗೆ ಯಾಕೆ?” ಎಂದರು. ಸುಮ್ಮನೆ ಕೇಳಿದ ಪ್ರಶ್ನೆ, ಕುಟುಕಬೇಕೆಂದು ಕೇಳಿದ್ದಲ್ಲ. ಮತ್ತೆ ಕೇಳಿದರು, “ನೋಡೋಕೆ ಹೇಗಿದಾರೆ?”

ಹೇಳಲು ಬಾಯಿ ತೆರೆದ. ಮುಖಗಳೇ ಅವನ ಅನ್ನ. ಬೀದಿಯಲ್ಲಿ ಒಮ್ಮೆ ಎದುರಾದವರ ಮೂಗನ್ನು ವಾರ ಕಳೆದು ಬರೆಯಬಲ್ಲ. ತಮ್ಮನ ಹೆಗಲು ಬಂತು, ಮಣಿಕಟ್ಟಿನ ಮೂಳೆ ಬಂತು, ಹೆಬ್ಬೆರಳಿನ ಉಗುರಿನ ಗೆರೆ ಬಂತು. ಕೊರಳ ಮೇಲೆ ಕಣ್ಣಾಡಿಸಿದರೆ ಅಲ್ಲಿ ಜಡ್ಜಿನ ಮುಖ, ಪ್ರಿನ್ಸಿಪಾಲರ ಮುಖ, ಈ ಡಾಕ್ಟರ ಮುಖ. ಬೆಳಿಗ್ಗೆ ಎದುರಿಗೆ ಕೂತು ಕಾಫಿ ಕುಡಿದವನ ಕಣ್ಣು ಸಣ್ಣವೋ ದೊಡ್ಡವೋ ಎಂಬುದೂ ಹೊಳೆಯದೆ ಅವನಿಗೆ ಭಯವಾಯಿತು. “ನನ್ನ ಹಾಗೇ ಅಂತಾರೆ,” ಎಂದ ಕೊನೆಗೆ.

ಮುದುಕಿ ಚಿತ್ರದ ಹತ್ತಿರ ಹೋದರು. ಮಡಿಲಲ್ಲಿ ಅಂಗಾತ ಬಿದ್ದಿದ್ದ ಎಡಗೈ ಮೇಲೆ ತಮ್ಮ ಅಂಗೈಯನ್ನು ಒಂದು ಸಲ ಊರಿ ತೆಗೆದರು. “ಅವಳು ಹೇಳೋದೂ ಸರಿ,” ಎಂದರು. “ಹೊಡೆಸಿಕೊಂಡ ಕೈ ಅದು, ಅವರಿಗೆ ಅವರ ಕೈ ಕೊಟ್ಟುಬಿಡಿ. ಗೋಡೆ ಮೇಲೆ ತಾಳ ಹಾಕ್ಕೊಂಡಿರಲಿ. ಇದರ ಜೊತೆ ಊಟ ಮಾಡಿದ್ದು ಏನೂ ಅಳಿಸಿಹೋಗಲ್ಲ ನನಗೆ.” ಹೆಚ್ಚಿದ ಹಣ್ಣನ್ನು ತಂದು ಅವನ ಮುಂದಿಟ್ಟು ತಾವು ಒಳಗೆ ಹೋಗಿ ಮಲಗಿಕೊಂಡರು.

ಅವನು ಹತ್ತಿ ಅದ್ದಿದ. ಸ್ಪಿರಿಟ್ಟು ತಾಗಿದ ಕೂಡಲೇ ಹಳದಿಗಟ್ಟಿದ್ದ ವಾರ್ನಿಶ್ ಬಿಟ್ಟುಕೊಂಡು ಕೆಳಗಿನ ಬಣ್ಣ ನೆನೆದು ಹೊಳೆಯಿತು. ಬರೆದ ದಿನ ಇದ್ದುದಕ್ಕಿಂತ ಹಸಿಯಾಗಿ, ಈಗತಾನೇ ತೊಳೆದುಕೊಂಡು ಬಂದ ಹಾಗೆ ಕೈ ಕಂಡಿತು. ಸ್ಪಿರಿಟ್ಟು ಆರುವಷ್ಟು ಹೊತ್ತು ಅದನ್ನು ನೋಡಿದ. ಆಮೇಲೆ ಚಾಕು ತೆಗೆದುಕೊಂಡು ಹೆರೆಯಲು ಶುರುಮಾಡಿದ. ಬೆರಳು ಬೆರಳಾಗಿ ಹೋಯಿತು, ಪುಡಿ ಉದುರಿ ಬೆಂಚಿನ ಮೇಲೆ ಬಿತ್ತು. ಪಕ್ಕದಲ್ಲಿ ಫೋಟೋ ಇಟ್ಟುಕೊಂಡು ಗಿಡ್ಡ ಬೆರಳುಗಳನ್ನು, ಅವುಗಳ ಅವಸರವನ್ನು, ಎಡಗೈಯ ಪೆನ್ನನ್ನು ಬರೆದ. ಎದುರಿಗೆ ಕೂತಿದ್ದರೂ ತಾನು ಸರಿಯಾಗಿ ನೋಡದಿದ್ದ ಆ ಮನುಷ್ಯನ ಬಗ್ಗೆ ಮೊದಲ ಸಲ ಪ್ರೀತಿ ಹುಟ್ಟಿತು. ಪೆಟ್ಟು ತಿಂದ ಗೆಣ್ಣನ್ನು ಬರೆಯುವಾಗ ಕುಂಚ ತಾನಾಗಿ ಮೆತ್ತಗಾಯಿತು. ಕೈ ಬದಲಾದ ಮೇಲೆ ಮುಖವೂ ಬೇರೆಯಾಗಿ ಕಂಡಿತು. ಇಷ್ಟು ದಿನ ಬರೀ ಹೋಲುತ್ತಿದ್ದದ್ದು ಈಗ ಎದ್ದು ಹೋಗಲು ತವಕಿಸುವ ಒಬ್ಬ ಮನುಷ್ಯನಾಗಿತ್ತು. ಮಗಳು ಸಂಜೆ ಬಂದು ಚಿತ್ರದ ಮುಂದೆ ಚೀಲ ಹಿಡಿದುಕೊಂಡೇ ನಿಂತಳು, ಆಮೇಲೆ ಒಳಗೆ ಹೋಗಿ ಅಮ್ಮನನ್ನು ಎಬ್ಬಿಸಿದಳು. ಅವನು ಕುಂಚ ಒರೆಸಿಕೊಂಡು ಹೊರಟ.

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ಪಿಸುಗುಟ್ಟಿದಳು, “ಮಧ್ಯಾಹ್ನ ಊಟಾನೇ ಮಾಡಿಲ್ಲ ರೀ. ಹಸಿವಿಲ್ಲ ಅಂತಾರೆ.” ತಮ್ಮ ಚಿತ್ರ ಬರೆಯುವ ಕೋಣೆಯಲ್ಲಿ ಡಬ್ಬಗಳನ್ನು ಒಂದು ಕಡೆಯಿಂದ ಎತ್ತಿ ಇನ್ನೊಂದು ಕಡೆ ಜೋಡಿಸುತ್ತಿದ್ದ. ಹಿಂದೆ ತಿರುಗದೆಯೇ ಕೇಳಿದ.

“ಅಳಿಸಿದ್ಯಾ?”

“ಅಳಿಸ್ದೆ. ಅವರು ಎಡಚರಂತೆ ಕಣೋ. ಸಣ್ಣವರಿದ್ದಾಗ ಹೊಡೆಸಿಕೊಂಡಿದ್ರಂತೆ ಆ ಕೈಗೆ.”

“ಹೌದಾ?” ಡಬ್ಬ ಕೈಯಲ್ಲೇ ಉಳಿಯಿತು. “ಛೆ. ಮೊದಲೇ ಹೇಳಿದ್ರೆ ಎಡಗೈಯಲ್ಲಿ ಹಿಡ್ಕೊಂಡು ಕೂರ್ತಿದ್ನಲ್ಲ. ಒಳ್ಳೇದೇ ಮಾಡ್ದೆ ಬಿಡು.” ಡಬ್ಬವನ್ನು ಇಟ್ಟು, ಇನ್ನೊಂದನ್ನು ಎತ್ತಿಕೊಂಡು, “ಹಾಗಾದ್ರೆ ಇನ್ನು ನಾನು ಎಲ್ಲೂ ಇಲ್ಲ,” ಎಂದು ನಕ್ಕ. ನಗು ಪೂರ್ತಿ ಬರಲಿಲ್ಲ.

ಅಣ್ಣ ಕಿಟಕಿಯ ಹತ್ತಿರಕ್ಕೆ ಕುರ್ಚಿ ಎಳೆದ. ಬೆಳಕು ಇನ್ನೂ ಸ್ವಲ್ಪ ಇತ್ತು. “ಬಾ, ಕೂತ್ಕೋ,” ಎಂದ. ತಮ್ಮ ಸುತ್ತ ಹುಡುಕಿದ, ಕೋಟೆಲ್ಲಿ ಎಂದ. ಕೋಟಿಲ್ಲ, ಹಾಗೇ ಕೂತ್ಕೋ ಎಂದ ಅಣ್ಣ. ರೂಢಿಯಂತೆ ತಮ್ಮ ಕೂತು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡ, ಅವು ಒಂದೇ ಏಟಿಗೆ ತಮ್ಮ ಜಾಗ ಸೇರಿಕೊಂಡವು. ಅಣ್ಣ ಹೊಸ ಕ್ಯಾನ್ವಾಸನ್ನು ಎತ್ತರಿಸಿ ನಿಲ್ಲಿಸಿ, ಇದ್ದಿಲು ಹಿಡಿದು, ಕಣ್ಣನ್ನು ಕೈಯಿಂದ, ಎದೆಯಿಂದ, ಕೊರಳಿನಿಂದ ಮೇಲಕ್ಕೆತ್ತಿದ. ಹುಬ್ಬು ಬೆಳ್ಳಗಾಗಿದ್ದವು. ಕಣ್ಣು ಸಣ್ಣವು, ಅಮ್ಮನವು. ಮೂಗಿನ ಪಕ್ಕ ಒಂದು ಮಚ್ಚೆಯಿತ್ತು, ಅದು ಯಾವಾಗಿನಿಂದ ಇದೆಯೋ ಅವನಿಗೆ ಗೊತ್ತಿರಲಿಲ್ಲ. ತಮ್ಮ ಮೊದಲು ಗೋಡೆ ನೋಡಿದ, ಆಮೇಲೆ ನೆಲ ನೋಡಿದ, ತುಟಿ ಬಿಗಿದ, ಬಿಟ್ಟ, ಗಲ್ಲ ಎತ್ತಿ ಮತ್ತೆ ಇಳಿಸಿದ. ಅಷ್ಟು ವರ್ಷ ಕೂತವನಿಗೆ ಬೆವರು ಬಂತು. ಎಷ್ಟೋ ಹೊತ್ತು ಒದ್ದಾಡಿ, ಕೊನೆಗೆ ಮೆಲ್ಲಗೆ ಕೇಳಿದ.

“ಅಣ್ಣಾ, ಮುಖ ಏನ್ ಮಾಡ್ಲಿ?”